ಒಂಬತ್ತು ನಿಮಿಷದ ದಾರಿ

ಆ ವರ್ಷ ಕಲಬುರಗಿಯಿಂದ ಮಂಗಳೂರಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ಯಾವ ದಾರಿಯಲ್ಲಿ ಎಂದು ತಿರುಗಿ ಕೇಳಬೇಕಾಗಿತ್ತು. ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಐನೂರ ನಲವತ್ತು ಕಿಲೋಮೀಟರು. ಮಾಮೂಲಿ ವಿಮಾನಕ್ಕೆ ಒಂದೂಕಾಲು ಗಂಟೆ. ಬಸ್ಸಿನವರ ಲೆಕ್ಕ ಬೇರೆ. ಘಟ್ಟದ ತಿರುವು, ಚಹಾಕ್ಕೆ ನಿಲ್ಲಿಸುವುದು ಎಲ್ಲ ಸೇರಿ ಹಗಲು ಮುಗಿದು ರಾತ್ರಿಯೂ ಅರ್ಧ ಖರ್ಚಾಗುತ್ತಿತ್ತು. ಮಡಿಕೆಯಲ್ಲಿ ಹೋದರೆ ಮಾತ್ರ ನಲವತ್ತೆರಡು ಕಿಲೋಮೀಟರು, ಒಂಬತ್ತು ನಿಮಿಷ.

ಮಡಿಕೆಯನ್ನು ಸಾಧಿಸಿದ ತಂಡದ ಮುಖ್ಯಸ್ಥೆ ಡಾ. ನಸೀಮಾ ಬೇಗಂ ಕಲಬುರಗಿಯವರೇ. ಪತ್ರಿಕೆಯವರು ಬಂದು ಸುಲಭವಾಗಿ ತಿಳಿಸಿ ಎಂದಾಗಲೆಲ್ಲ ಅವರು ಹೆಗಲ ಮೇಲಿನ ದುಪಟ್ಟಾ ತೆಗೆದು ಎರಡೂ ಕೈಯಲ್ಲಿ ಚಾಚಿ ಹಿಡಿಯುತ್ತಿದ್ದರು. ಈ ತುದಿಯಿಂದ ಆ ತುದಿಗೆ ಇರುವೆ ನಡೆಯಬೇಕಾದರೆ ಎರಡು ಗಜ. ಅದನ್ನೇ ನಿರಿಗೆ ಹಿಡಿದರೆ ತುದಿಗೂ ತುದಿಗೂ ನಡುವೆ ಒಂದು ಗೇಣು. ಬಟ್ಟೆಯೇನೂ ಕಡಿಮೆಯಾಗಿಲ್ಲ, ಮಡಚಿದ್ದೇವೆ ಅಷ್ಟೆ ಎನ್ನುತ್ತಿದ್ದರು. ಕೇಳಿದವರು ದೊಡ್ಡದಾಗಿ ತಲೆಯಾಡಿಸಿ ಚಹಾ ಕುಡಿದು ಹೋಗುತ್ತಿದ್ದರು. ಅರ್ಥವಾಯಿತೋ ಬಿಟ್ಟಿತೋ, ವಿಮಾನ ಹತ್ತುವುದಕ್ಕೆ ಅದೆಲ್ಲ ಅರ್ಥವಾಗಲೇಬೇಕೆಂದು ಯಾರೂ ಹೇಳಿರಲಿಲ್ಲ.

ಎರಡೂ ಊರಿನ ಹೊರಗೆ ಒಂದೊಂದು ಬಳೆ ನಿಲ್ಲಿಸಿದ್ದರು. ಬಳೆ ಎಂದೇ ಎಲ್ಲರೂ ಕರೆಯುತ್ತಿದ್ದ ಅದು ಹತ್ತು ಅಂತಸ್ತಿನ ಎತ್ತರದ ಉಕ್ಕಿನ ಚಕ್ರ. ಒಳಗೆಲ್ಲ ಮಂಜಿಗಿಂತ ತಣ್ಣಗೆ ಮಾಡಿದ ತಂತಿಯ ಸುರುಳಿ. ಹದಿನಾಲ್ಕು ಮಂದಿ ಕೂರುವ ಪುಟ್ಟ ವಿಮಾನ ಒಂದು ಬಳೆಯೊಳಗೆ ಹೊಕ್ಕು ಇನ್ನೊಂದರಿಂದ ಹೊರಬರುತ್ತಿತ್ತು. ಮಡಿಕೆಯನ್ನು ಒಮ್ಮೆ ತೆರೆದರೆ ಹನ್ನೆರಡು ನಿಮಿಷ ಮಾತ್ರ ತೆರೆದಿಡಬಹುದು. ಅದಕ್ಕೆ ಮೀರಿದರೆ ಸುರುಳಿ ಕಾದು ಬಳೆಯೇ ಸುಟ್ಟುಹೋಗುತ್ತದೆ, ಆಮೇಲೆ ಒಳಗಿದ್ದವರಿಗೆ ಹೊರಬರಲು ಬಾಗಿಲೇ ಇರುವುದಿಲ್ಲ. ಆದ್ದರಿಂದ ವಿಮಾನ ಹೊರಬಿದ್ದ ಕೂಡಲೇ ಮುಚ್ಚಬೇಕು. ಕಲಬುರಗಿ ಬದಿಯಲ್ಲಿ ಮುಚ್ಚುವ ಗುಂಡಿ ಒತ್ತುವವಳು ಜಗದೇವಿ.

ಜಗದೇವಿಗೆ ಆಗ ಮೂವತ್ತಮೂರು ವರ್ಷ. ಬ್ರಹ್ಮಪುರದ ಗಲ್ಲಿಯಲ್ಲಿ ಖಾನಾವಳಿ ನಡೆಸುವ ಕಾಶಮ್ಮನ ಒಬ್ಬಳೇ ಮಗಳು. ಗಂಡ ತೀರಿಕೊಂಡಾಗ ಕಾಶಮ್ಮನ ಕೈಯಲ್ಲಿ ಇದ್ದದ್ದು ಒಂದು ಕೊಣಮಿಗೆ ಮತ್ತು ಒಂದು ಬಾಯಿ. ಕೊಣಮಿಗೆಯಲ್ಲಿ ಜೋಳದ ಹಿಟ್ಟು ನಾದಿ ಮಗಳನ್ನು ಇಂಜಿನಿಯರಿಂಗ್ ಓದಿಸಿದಳು. ಬಾಯಿಯಿಂದ ಗಲ್ಲಿಯನ್ನೆಲ್ಲ ಹದ್ದುಬಸ್ತಿನಲ್ಲಿ ಇಟ್ಟಳು. ಊಟಕ್ಕೆ ತಡವಾಗಿ ಬಂದ ಬ್ಯಾಂಕಿನ ಸಾಹೇಬರನ್ನೂ ಬೈಯುತ್ತಿದ್ದಳು, ಎಲೆಯಲ್ಲಿ ಪಲ್ಯ ಬಿಟ್ಟ ಹುಡುಗರನ್ನೂ ಬೈಯುತ್ತಿದ್ದಳು. ಬೈದ ಮೇಲೆ ಇನ್ನೊಂದು ಬಿಸಿ ರೊಟ್ಟಿ ಹಾಕುತ್ತಿದ್ದಳು. ಮಗಳಿಗಂತೂ ದಿನಕ್ಕೆರಡು ಬಾರಿ ಬೈಗುಳ ಖಾಯಂ. ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟಿದ್ದಕ್ಕೆ, ಕೂದಲಿಗೆ ಎಣ್ಣೆ ಹಚ್ಚದೇ ಇದ್ದದ್ದಕ್ಕೆ, ಬಂದ ಗಂಡುಗಳನ್ನೆಲ್ಲ ಬೇಡ ಎಂದದ್ದಕ್ಕೆ. ಜಗದೇವಿ ಅದಕ್ಕೆ ಒಗ್ಗಿಹೋಗಿದ್ದಳು. ಅವ್ವ ಬೈಯದೆ ಇದ್ದ ದಿನ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಮಡಿಕೆಯೊಳಗೆ ಒಂದು ತೊಡಕು ಇತ್ತು. ಅಲ್ಲಿಂದ ಬರುವ ಧ್ವನಿ ಸವೆದು ಬರುತ್ತಿತ್ತು. ಉದ್ದದ ಇಂಗ್ಲಿಷ್ ವಾಕ್ಯಗಳು ನಡುವೆಯೇ ತುಂಡಾಗುತ್ತಿದ್ದವು. ಹಾಗಾಗಿ ಸಂಕೇತಕ್ಕೆ ಎರಡಕ್ಷರದ ಕನ್ನಡ ಪದಗಳನ್ನು ಆರಿಸೋಣ ಎಂದು ಒಂದು ಸಮಿತಿ ಮಾಡಿದರು. ಒಳಗೆ ಹೋದಾಗ ಹೇಳಲು ‘ಹೊಕ್ಕೆ’ ಎಂಬುದು ಬೇಗ ಸಿಕ್ಕಿತು. ಹೊರಬಂದಾಗ ಹೇಳಲು ಕನ್ನಡದ ಮೇಷ್ಟ್ರೊಬ್ಬರು ‘ತಲುಪಿದೆನು’ ಎಂದು ಬರೆದುಕೊಟ್ಟರು. ಪೈಲಟ್ಟುಗಳು ನಾಟಕದ ರಾಜನಂತೆ ಕೈಯೆತ್ತಿ ಅದನ್ನು ಹೇಳಿ ನಕ್ಕರು. ಆಗ ಜಗದೇವಿಯೇ, ಸುಮ್ಮನೆ ‘ಬಂದೆ’ ಎಂದರೆ ಸಾಕಲ್ಲವೇ ಎಂದಳು. ಎಲ್ಲರಿಗೂ ಹಿಡಿಸಿತು. ಎರಡೇ ಅಕ್ಷರ, ಒಡೆಯುವುದಿಲ್ಲ, ಮನೆಯ ಮಾತು. ಸಮಿತಿ ಅಂದೇ ಒಪ್ಪಿ ಸಹಿ ಹಾಕಿತು.

ನಿಯಮದ ಪ್ರಕಾರ ಪೈಲಟ್ಟು ‘ಬಂದೆ’ ಎನ್ನಬೇಕು, ಬಳೆಯ ನೆತ್ತಿಯ ಹಸಿರು ದೀಪವೂ ಹತ್ತಬೇಕು, ಎರಡೂ ಆದ ಮೇಲೆ ಮುಚ್ಚಬೇಕು. ದೀಪ ಹತ್ತುವುದು ವಿಮಾನ ಹೊರಬಿದ್ದ ನಲವತ್ತು ಸೆಕೆಂಡಿನ ಮೇಲೆ. ಮೊದಲ ತಿಂಗಳು ಎಲ್ಲರೂ ಆ ನಲವತ್ತು ಸೆಕೆಂಡು ಉಸಿರು ಹಿಡಿದು ಕಾಯುತ್ತಿದ್ದರು. ಆರುನೂರು ಹಾರಾಟ ಆದ ಮೇಲೆ ಯಾರು ಕಾಯುತ್ತಾರೆ? ಮಾತು ಕೇಳಿದರೆ ಕೈ ತಾನಾಗಿ ಗುಂಡಿಯ ಮೇಲೆ ಹೋಗುತ್ತಿತ್ತು. ಎರಡೂ ಊರಿನಲ್ಲಿ, ಎಲ್ಲ ಪಾಳಿಯಲ್ಲೂ ಹಾಗೆಯೇ ನಡೆದಿತ್ತು.

ಕಾಶಮ್ಮ ಕಡಲು ನೋಡಿರಲಿಲ್ಲ. ಐವತ್ತಾರು ತುಂಬುವವರೆಗೂ ಹೆಂಚಿನ ಮುಂದೆಯೇ ಕೂತವಳು; ನೀರು ಅಂದರೆ ಅವಳಿಗೆ ಭೀಮಾ ನದಿ, ಅದೂ ಬೇಸಿಗೆಯಲ್ಲಿ ಅರ್ಧ ಮರಳು. ಕೆಲಸದವರ ಮನೆಯವರಿಗೆ ಎಂದು ಜಗದೇವಿಗೆ ಒಂದು ಪಾಸು ಸಿಕ್ಕಾಗ ಅವಳು ಅವ್ವನನ್ನು ಹೊರಡಿಸಿದಳು. ಬೆಳಗಿನ ವಿಮಾನದಲ್ಲಿ ಹೋಗುವುದು, ಮಂಗಳೂರಿನ ಕಚೇರಿಯ ಜೀಪಿನಲ್ಲಿ ಕಡಲಿಗೆ ಹೋಗಿ ಕಾಲು ತೋಯಿಸಿಕೊಳ್ಳುವುದು, ಹನ್ನೆರಡರ ವಿಮಾನಕ್ಕೆ ತಿರುಗಿ ಬರುವುದು. ಮಧ್ಯಾಹ್ನದ ಊಟದ ಹೊತ್ತಿಗೆ ಗಿರಾಕಿಗಳಿಗೆ ರೊಟ್ಟಿ ತಪ್ಪಬಾರದು ಎಂಬ ಷರತ್ತಿನ ಮೇಲೆ ಕಾಶಮ್ಮ ಒಪ್ಪಿದಳು. ಹೊರಡುವಾಗಲೂ, ಹೆಸರುಬೇಳೆ ನೆನೆಹಾಕಿದ್ದೀಯೋ ಇಲ್ಲವೋ ಎಂದು ಮಗಳನ್ನು ಬೈದೇ ಹತ್ತಿದಳು.

ಹನ್ನೆರಡಕ್ಕೆ ಸರಿಯಾಗಿ ಕ್ಯಾಪ್ಟನ್ ದಯಾನಂದ ಕರ್ಕೇರರ ಧ್ವನಿ ಬಂತು. ಹೊಕ್ಕೆ ಎಂದರು. ಜಗದೇವಿ ಗಡಿಯಾರ ಒತ್ತಿದಳು. ಕರ್ಕೇರ ಮಂಗಳೂರಿನವರು, ಮೂವತ್ತೈದರ ಆಸುಪಾಸು, ನಿಧಾನದ ಮನುಷ್ಯ. ಎಲ್ಲರೂ ಒಂಬತ್ತು ನಿಮಿಷಕ್ಕೆ ಬಂದರೆ ಇವರು ಒಂಬತ್ತೂವರೆಗೆ ಬರುವವರು.

ಒಂಬತ್ತೂವರೆ ಆಯಿತು. ಹತ್ತು ಆಯಿತು. ಒಳಗೆ ಎದುರುಗಾಳಿ ಇದ್ದಿತಂತೆ, ಅದು ಆಮೇಲೆ ತಿಳಿದದ್ದು. ಹಿಂದೆ ಒಮ್ಮೆ ಹನ್ನೊಂದು ನಿಮಿಷ ಹಿಡಿದದ್ದೂ ಉಂಟು. ಗಾಬರಿಪಡುವಂಥದ್ದು ಏನೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಜಗದೇವಿ ಸುಮ್ಮನೆ ಕೂತಿರುತ್ತಿದ್ದಳು. ಆದರೆ ಒಳಗೆ ಅವ್ವ ಇದ್ದಳು. ಹತ್ತು ನಿಮಿಷ ಹದಿನೈದು ಸೆಕೆಂಡಿಗೆ ಅವಳ ಬಾಯಿಂದ, ಯಾವ ಪುಸ್ತಕದಲ್ಲೂ ಇಲ್ಲದ, ಯಾವ ಸಮಿತಿಯೂ ಒಪ್ಪದ ಮಾತು ಹೊರಟಿತು.

“ಎಲ್ಲಿದ್ದೀರಿ ಕ್ಯಾಪ್ಟನ್ನರ? ಜಲ್ದಿ ಬರ್ರಿ.”

ಆ ಕಡೆಯಿಂದ, ಸವೆದ ಧ್ವನಿಯಲ್ಲಿ, ಒಂದು ಮಾತು ಬಂತು.

“ಬಂದೆ.”

ಜಗದೇವಿ ಗುಂಡಿ ಒತ್ತಿದಳು.

ಊಟಕ್ಕೆ ಬಾ ಎಂದು ಕರೆದರೆ ನಾವು ಬಚ್ಚಲಮನೆಯಿಂದ ಬಂದೆ ಎನ್ನುತ್ತೇವೆ. ಬಾಗಿಲು ಬಡಿದರೆ, ಅಟ್ಟದ ಮೇಲಿಂದ ಬಂದೆ ಎನ್ನುತ್ತೇವೆ. ಇನ್ನೂ ಚಪ್ಪಲಿ ಮೆಟ್ಟದವನು ಫೋನಿನಲ್ಲಿ ಬಂದೇಬಿಟ್ಟೆ ಎನ್ನುತ್ತಾನೆ. ಬಂದ ಮೇಲೆ ಬಂದೆ ಎನ್ನುವ ಕನ್ನಡಿಗನನ್ನು ಹುಡುಕಿದರೂ ಸಿಗುವುದು ಕಷ್ಟ. ಬಂದವನು ಎದುರಿಗೇ ಇರುತ್ತಾನೆ, ಹೇಳುವ ಅಗತ್ಯವಾದರೂ ಏನು? ಸಮಿತಿಯಲ್ಲಿ ಒಂಬತ್ತು ಜನ ಕನ್ನಡದವರೇ ಕೂತಿದ್ದರು, ಒಬ್ಬರಿಗೂ ಇದು ಹೊಳೆದಿರಲಿಲ್ಲ. ಜಗದೇವಿ ಮನೆಯ ಮಾತಿನಲ್ಲಿ ಕರೆದಳು, ಕರ್ಕೇರ ಮನೆಯ ಮಾತಿನಲ್ಲಿ ಓಗೊಟ್ಟರು. ಅವಳ ಕೈ ಮಾತ್ರ ಅದನ್ನು ಕಚೇರಿಯ ಮಾತು ಎಂದು ಕೇಳಿಸಿಕೊಂಡಿತು.

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಓಡುದಾರಿಯ ಮೇಲೆ ವಿಮಾನ ಇರಲಿಲ್ಲ. ನಲವತ್ತು ಸೆಕೆಂಡು ಕಾದಳು. ದೀಪ ಹತ್ತಲಿಲ್ಲ. ಆಮೇಲೂ ಅವಳು ಕಾಯುತ್ತಲೇ ಇದ್ದಳು. ಪಾಳಿಯ ಬೇರೆಯವರು ಬಂದು ಅವಳನ್ನು ಕುರ್ಚಿಯಿಂದ ಎಬ್ಬಿಸುವವರೆಗೂ ಅವಳ ಕಣ್ಣು ಆ ದೀಪದ ಮೇಲೆಯೇ ಇತ್ತು.

ಡಾ. ನಸೀಮಾ ಮೂರು ದಿನ ಮನೆಗೆ ಹೋಗದೆ ಲೆಕ್ಕ ಹಾಕಿದರು. ನಾಲ್ಕನೆಯ ದಿನ ಜಗದೇವಿಯನ್ನು ಪ್ರಯೋಗಾಲಯಕ್ಕೆ ಕರೆಸಿಕೊಂಡು ಎದುರಿಗೆ ಕೂರಿಸಿಕೊಂಡರು. ವಿಮಾನಕ್ಕೆ ಏನೂ ಆಗಿಲ್ಲ ಎಂದು ಮೊದಲು ಹೇಳಿದರು. ಅದು ಹಾರುತ್ತಲೇ ಇದೆ. ಮುಚ್ಚಿದ ಮಡಿಕೆಯ ಅಂಚಿನಲ್ಲಿ ಸಿಕ್ಕಿಕೊಂಡಿದೆ, ಹೊರಬರಲು ಐದೂವರೆ ಕಿಲೋಮೀಟರು ಬಾಕಿ ಇದೆ. ಒಳಗಿರುವವರಿಗೆ ಅದು ಎಪ್ಪತ್ತು ಸೆಕೆಂಡಿನ ದಾರಿ. ಆದರೆ ಮುಚ್ಚಿದ ಮಡಿಕೆಯಲ್ಲಿ ಹೊತ್ತು ಹೊರಗಿನ ಹಾಗೆ ಸಾಗುವುದಿಲ್ಲ. ಅಲ್ಲಿಯ ಒಂದು ಸೆಕೆಂಡು ಇಲ್ಲಿಯ ಐದು ತಿಂಗಳು ಚಿಲ್ಲರೆ. ಮತ್ತೆ ತೆರೆದರೆ ಎಂದು ಜಗದೇವಿ ಕೇಳಿದಳು. ಸಿಕ್ಕಿಕೊಂಡ ದಾರವನ್ನು ಜಗ್ಗಿದಂತೆ, ವಿಮಾನ ಹರಿದುಹೋಗುತ್ತದೆ ಎಂದರು. ಮಾಡಬಹುದಾದದ್ದು ಒಂದೇ. ಈ ಬದಿಯ ಬಳೆಯನ್ನು ತಣ್ಣಗೆ, ಜೀವಂತವಾಗಿ ಇಟ್ಟುಕೊಂಡಿರಬೇಕು. ಬಳೆ ಇದ್ದರೆ ಅವರು ತಾವಾಗಿ ಹೊರಬರುತ್ತಾರೆ.

“ಎಷ್ಟು ದಿನಕ್ಕ ಬರ್ತಾರ, ಮೇಡಂ?” ಎಂದಳು ಜಗದೇವಿ.

“ಮೂವತ್ತೊಂದು ವರ್ಷಕ್ಕ,” ಎಂದರು ನಸೀಮಾ, ಅವಳ ಮುಖ ನೋಡಲಾಗದೆ.

ಜಗದೇವಿ ಮನಸ್ಸಿನಲ್ಲೇ ಕೂಡಿದಳು. ತನಗೆ ಅರವತ್ತನಾಲ್ಕು. ಅವ್ವನಿಗೆ ಐವತ್ತಾರು ಮತ್ತು ಎಪ್ಪತ್ತು ಸೆಕೆಂಡು.

ಮನೆಗೆ ಬಂದಾಗ ಬಾಗಿಲಲ್ಲಿ ಊಟದ ಡಬ್ಬಿಗಳು ಸಾಲಾಗಿ ಇದ್ದವು. ಖಾನಾವಳಿಯ ಗಿರಾಕಿಗಳು ದಿನವೂ ಇಡುವಂತೆ ಇಟ್ಟು ಹೋಗಿದ್ದರು. ವಿಷಯ ತಿಳಿದ ಮೇಲೂ ತೆಗೆದುಕೊಂಡು ಹೋಗುವುದಕ್ಕೆ ಸಂಕೋಚಪಟ್ಟಿದ್ದರು. ಜಗದೇವಿ ಒಲೆ ಹಚ್ಚಿದಳು. ಅವಳಿಗೆ ರೊಟ್ಟಿ ಬಡಿಯಲು ಸರಿಯಾಗಿ ಬರುತ್ತಿರಲಿಲ್ಲ, ಅವ್ವ ಕಲಿಸಲು ಹೋಗಿ ಬೈದು ಬೈದು ಬಿಟ್ಟುಬಿಟ್ಟಿದ್ದಳು. ಅಂದು ಮಾಡಿದ ರೊಟ್ಟಿಗಳು ಒಂದು ಬದಿ ದಪ್ಪ, ಒಂದು ಬದಿ ಕರಕಲು. ಡಬ್ಬಿ ಒಯ್ದವರೆಲ್ಲ ಖಾಲಿ ಮಾಡಿ ತಂದಿಟ್ಟರು. ಚಲೋ ಆಗಿತ್ತವ್ವ ಎಂದು ಬ್ಯಾಂಕಿನ ಸಾಹೇಬರು ಹೇಳಿ ಹೋದರು. ಜಗದೇವಿ ಒಲೆಯ ಮುಂದೆ ಕೂತು ಆಗ ಅತ್ತಳು. ಅವ್ವ ಇದ್ದಿದ್ದರೆ ಆ ರೊಟ್ಟಿಯನ್ನು ಅವಳ ಮುಖದ ಮುಂದೆ ಹಿಡಿದು, ಇದನ್ನು ನಾಯಿ ಮೂಸುತ್ತದೆಯೇ ಎಂದು ಕೇಳುತ್ತಿದ್ದಳು.

ಕರ್ಕೇರರ ಮಾತು ‘ಬಂದೆ’ಗೆ ಮುಗಿದಿರಲಿಲ್ಲ. ಮುಚ್ಚಿದ ಮಡಿಕೆಯಿಂದ ಅವರ ಧ್ವನಿ ಹನಿ ಹನಿಯಾಗಿ ಹೊರಗೆ ಬರುತ್ತಲೇ ಇತ್ತು. ಕಿವಿಗೆ ಅದು ಕೇಳುವಂಥದ್ದಲ್ಲ. ಯಂತ್ರ ಅದನ್ನು ತಿಂಗಳುಗಟ್ಟಲೆ ಗುರುತು ಹಾಕಿಕೊಂಡು, ಆಮೇಲೆ ಒತ್ತಿ ಒಂದು ಮಾಡಿ ಕೇಳಿಸಬೇಕು. ಒಂದು ಸಣ್ಣ ವಾಕ್ಯ ಕೂಡಿಬರಲು ಎಂಟು ತಿಂಗಳು ಹಿಡಿಯಿತು. ನಿಯಂತ್ರಣ ಕೊಠಡಿಯಲ್ಲಿ ತನಿಖೆಯ ಅಧಿಕಾರಿಗಳು, ನಸೀಮಾ, ಜಗದೇವಿ ಸುತ್ತಲೂ ನಿಂತರು. ನಸೀಮಾ ಯಂತ್ರ ಚಾಲೂ ಮಾಡಿದರು. ಕರ್ಕೇರ ತಮ್ಮ ಎಂದಿನ ನಿಧಾನದ ಧ್ವನಿಯಲ್ಲಿ, ಇನ್ನೊಂದು ನಿಮಿಷ ಅಷ್ಟೆ ಎಂದರು.

ಅಲ್ಲಿಯವರೆಗೂ ಜಗದೇವಿಯ ಮನಸ್ಸಿನ ಮೂಲೆಯಲ್ಲಿ, ಅವರೇ ತಪ್ಪಿ ಹೇಳಿದ್ದರೂ ಹೇಳಿರಬಹುದು ಎಂಬ ಒಂದು ಎಳೆ ಇತ್ತು. ಅದು ಅಂದು ಹೋಯಿತು.

ತನಿಖೆಯವರು ವರದಿ ಬರೆದರು. ತಪ್ಪು ಪದದ್ದು, ವ್ಯಕ್ತಿಯದ್ದಲ್ಲ. ದೀಪಕ್ಕೆ ಕಾಯದೆ ಇರುವುದು ಎರಡೂ ಕಡೆ ರೂಢಿಯಾಗಿತ್ತು. ಜಗದೇವಿಯ ಮೇಲೆ ಕ್ರಮ ಬೇಡ. ಪದಪಟ್ಟಿಯಲ್ಲಿ ‘ಬಂದೆ’ ಹೊಡೆದು ‘ತಲುಪಿದೆನು’ ಎಂದು ತಿದ್ದಿದರು. ತಿದ್ದಿದ ಪದವನ್ನು ಬಳಸಲು ವಿಮಾನವೇ ಇರಲಿಲ್ಲ, ಮಡಿಕೆಯಲ್ಲಿ ಹೋಗಲು ಆಮೇಲೆ ಯಾರೂ ಮುಂದೆ ಬರಲಿಲ್ಲ. ಜಗದೇವಿ ತಾನಾಗಿಯೇ ಬರೆದುಕೊಟ್ಟಳು. ಪದವನ್ನು ಸೂಚಿಸಿದವಳು ನಾನು, ಕರೆದವಳು ನಾನು, ಒತ್ತಿದವಳು ನಾನು, ಶಿಕ್ಷೆ ಕೊಡಿ ಎಂದಳು. ಅಧಿಕಾರಿಗಳು ಅದನ್ನು ಓದಿ, ಪಾಪ, ತಾಯಿ ಒಳಗಿದ್ದಾಳಲ್ಲ ಎಂದು ಕಡತದಲ್ಲಿ ಇಟ್ಟರು.

ವಿಮಾನದಲ್ಲಿದ್ದವರ ಮನೆಗಳಲ್ಲಿ ಬೇರೆಯೇ ಫಜೀತಿ. ಹೋದವರು ಸತ್ತಿಲ್ಲ, ತಿಥಿ ಮಾಡುವಂತಿಲ್ಲ. ಇದ್ದಾರೆ ಎನ್ನೋಣವೆಂದರೆ ಮಗಳ ಮದುವೆಗೆ ಬರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಅವರ ಹೆಸರಿನ ಮುಂದೆ ‘ಪ್ರಯಾಣದಲ್ಲಿ’ ಎಂದು ಬರೆಯಲು ಸರ್ಕಾರ ಒಂದು ಹೊಸ ಕಾಲಂ ಮಾಡಿತು. ಹೆಂಡಂದಿರು ಕುಂಕುಮ ಅಳಿಸಲಿಲ್ಲ, ಹಬ್ಬದ ದಿನ ಒಂದು ಎಲೆ ಹೆಚ್ಚಿಗೆ ಹಾಕಿದರು, ಮೂರ್ನಾಲ್ಕು ವರ್ಷಕ್ಕೆ ಕೆಲವರು ಹಾಕುವುದನ್ನು ಬಿಟ್ಟರು. ಬಾಣಂತನಕ್ಕೆಂದು ತವರಿಗೆ ಹೊರಟಿದ್ದ ಒಬ್ಬ ಹುಡುಗಿಯ ಗಂಡ ಮಾತ್ರ ಪ್ರತಿ ಯುಗಾದಿಗೂ ಬಳೆಯ ಬೇಲಿಯ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ.

ಕರ್ಕೇರರ ಹೆಂಡತಿ ಶಶಿಕಲಾ ಒಂಬತ್ತನೆಯ ವರ್ಷ ಬಸ್ಸಿನಲ್ಲಿ ಮಂಗಳೂರಿನಿಂದ ಬಂದಳು. ಜಗದೇವಿ ಬಾಗಿಲು ತೆಗೆದು ಅವಳನ್ನು ಕಂಡಾಗ, ಕೊನೆಗೂ ಬೈಯುವವರೊಬ್ಬರು ಬಂದರು ಎಂದು ಒಂದು ಬಗೆಯಲ್ಲಿ ಸಮಾಧಾನವೇ ಆಯಿತು. ಶಶಿಕಲಾ ನೀರು ಕುಡಿದು, ತಾನು ಮರುಮದುವೆ ಆಗುತ್ತಿದ್ದೇನೆ, ಅವರು ಬಂದಾಗ ನೀವೇ ತಿಳಿಸಬೇಕು ಎಂದು ಕೇಳಿಕೊಂಡಳು. ಜಗದೇವಿ ತನ್ನ ತಪ್ಪಿನ ಮಾತೆತ್ತಿದರೆ, ನಿಮ್ಮದು ಎಂತ ತಪ್ಪು ಅದರಲ್ಲಿ ಎಂದು ಅವಳೇ ಜಗದೇವಿಯ ಬೆನ್ನು ಸವರಿದಳು. ಬಸ್ಸು ಹತ್ತಿಸಿ ಬಂದ ಮೇಲೆ ಜಗದೇವಿಗೆ ಒಂದು ಮಾತು ಸ್ಪಷ್ಟವಾಯಿತು. ಇಡೀ ಲೋಕವೇ ಅವಳನ್ನು ಕ್ಷಮಿಸಿಬಿಟ್ಟಿತ್ತು. ಕೇಳದೆ ಕೊಟ್ಟ ಆ ಕ್ಷಮೆ ಅವಳ ಮೈಗೆ ಹತ್ತುತ್ತಿರಲಿಲ್ಲ. ಬೈಯುವ ಹಕ್ಕು ಇದ್ದವಳು ಒಬ್ಬಳೇ, ಅವಳು ಬಳೆಯ ಆಚೆ ಇನ್ನೂ ಐವತ್ತು ಸೆಕೆಂಡಿನ ದೂರದಲ್ಲಿ ಸೀಟಿನ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಅವಳ ಎದುರಿಗೆ ನಿಂತು, ನಾನೇ ಮಾಡಿದೆ ಅವ್ವ ಎಂದು ಹೇಳಬೇಕು. ಅವಳು ಬಾಯಿತುಂಬ ಬೈಯಬೇಕು. ಅಲ್ಲಿಯವರೆಗೆ ಬಳೆಯೂ ಉಳಿಯಬೇಕು, ತಾನೂ ಉಳಿಯಬೇಕು. ಜಗದೇವಿಗೆ ಬದುಕಿನಲ್ಲಿ ಬೇರೆ ಆಸೆ ಉಳಿದಿರಲಿಲ್ಲ.

ಆದ್ದರಿಂದ ಅವಳು ಬಳೆಯ ಕಾವಲಿಗೆ ನಿಂತಳು. ಮಡಿಕೆ ನಡೆಸುತ್ತಿದ್ದ ಕಂಪನಿ ಮುಚ್ಚಿತು, ಮಂಗಳೂರಿನ ಬಳೆಯನ್ನು ಬಿಚ್ಚಿ ಗುಜರಿಗೆ ಹಾಕಿದರು. ನಿಯಂತ್ರಣ ಕೊಠಡಿಯ ಹನ್ನೆರಡು ಕುರ್ಚಿಗಳಲ್ಲಿ ಹನ್ನೊಂದು ಖಾಲಿಯಾದವು. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಿಟ್ಟು, ಸೈಕಲ್ಲಿನಲ್ಲಿ, ಆಮೇಲೆ ಆಟೋದಲ್ಲಿ, ಆಮೇಲೆ ಯಾರಾದರೂ ಕರೆದುಕೊಂಡು ಬಂದರೆ ಅವರ ಜೊತೆ, ಅವಳು ಬಳೆಗೆ ಬರುತ್ತಿದ್ದಳು. ಸುರುಳಿಯ ತಂಪು ಎಷ್ಟಿದೆ ಎಂದು ನೋಡಿ ಬರೆಯುವುದು, ತಂಪಿನ ಪಂಪು ಕೆಟ್ಟರೆ ಬಿಚ್ಚಿ ಜೋಡಿಸುವುದು. ಹತ್ತೊಂಬತ್ತನೆಯ ವರ್ಷ, ಒಂದು ವಿಮಾನಕ್ಕೆಂದು ಇಷ್ಟು ವಿದ್ಯುತ್ತು ದಂಡ, ನಿಲ್ಲಿಸಿ ಎಂದು ಆದೇಶ ಬಂತು. ಆಗ ನಸೀಮಾ ಕೋಲು ಊರಿಕೊಂಡು ಬಂದು, ಜಗದೇವಿಯ ಜೊತೆ ಪಂಪಿನ ಕೋಣೆಯ ಬಾಗಿಲಿಗೆ ಅಡ್ಡ ಕೂತರು. ಪ್ರಯಾಣಿಕರ ಮನೆಯವರೂ ಬಂದರು. ಆರು ದಿನ ಕೂತ ಮೇಲೆ ಆದೇಶ ವಾಪಸಾಯಿತು. ಅದಾಗಿ ಮೂರು ವರ್ಷಕ್ಕೆ ನಸೀಮಾ ತೀರಿಕೊಂಡರು. ಸಾಯುವ ಮುಂಚೆ, ದೂರವನ್ನು ಮಡಚಿದೆ ಅಂದುಕೊಂಡಿದ್ದೆ, ಅದು ಎಲ್ಲೋ ಒಂದು ಕಡೆ ಹೊರಬಿದ್ದೇ ಬೀಳುತ್ತದೆ ನೋಡು ಎಂದು ಜಗದೇವಿಗೆ ಹೇಳಿದ್ದರು.

ನಿವೃತ್ತಿಯ ವಯಸ್ಸಾದಾಗ ಜಗದೇವಿ ಸಂಬಳ ಬೇಡ, ಬೀಗದ ಕೈ ಸಾಕು ಎಂದು ಬರೆದುಕೊಟ್ಟಳು. ಕೂದಲು ಬೆಳ್ಳಗಾಯಿತು, ಎಡಗಣ್ಣಿಗೆ ಪೊರೆ ಬಂತು, ಮೊಣಕಾಲು ಹಿಡಿಯಿತು. ಪಂಪು ರಿಪೇರಿ ಮಾಡುವಾಗ ಬಿದ್ದು ಸೊಂಟದ ಮೂಳೆ ಮುರಿದು ಎಂಟು ತಿಂಗಳು ಮಲಗಿದಳು. ಡಾಕ್ಟರು ಇನ್ನು ಓಡಾಟ ಬೇಡ ಎಂದರು. ಅವಳು ಎಷ್ಟು ವರ್ಷ ಬಾಕಿ ಇದೆ ಎಂದು ಬೆರಳು ಮಡಚಿ ನೋಡಿದಳು. ನಾಲ್ಕು. ಎದ್ದು ನಡೆದಳು.

ಮೂವತ್ತೊಂದನೆಯ ವರ್ಷದ ಚೈತ್ರದಲ್ಲಿ, ಹಗಲು ಹನ್ನೊಂದರ ಹೊತ್ತಿಗೆ, ಬಳೆಯ ನಡುವೆ ಬಿಸಿಲು ಅಲುಗಾಡಿದಂತಾಗಿ ವಿಮಾನ ಹೊರಬಂತು. ಅದರ ಬಣ್ಣ ಹೊಸದಾಗಿಯೇ ಇತ್ತು. ಓಡುದಾರಿಯ ಮೇಲೆ ಇಳಿದು ಎಂದಿನಂತೆ ನಿಧಾನವಾಗಿ ಬಂದು ನಿಂತಿತು. ಬೇಲಿಯ ಆಚೆ ಕಾಯುತ್ತಿದ್ದ ಜನ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಒಳಗಿನವರನ್ನು ಒಮ್ಮೆಲೇ ಗಾಬರಿಪಡಿಸಬಾರದು, ಮೊದಲು ಡಾಕ್ಟರು ಮಾತಾಡಿಸುತ್ತಾರೆ ಎಂದು ಎಲ್ಲರಿಗೂ ಹೇಳಿ ಇಟ್ಟಿದ್ದರು. ಬಳೆಯ ಕಾವಲಿನವಳು ಎಂದು ಜಗದೇವಿಗೆ ಮಾತ್ರ ಏಣಿಯ ಬುಡದಲ್ಲಿ ನಿಲ್ಲಲು ಬಿಟ್ಟಿದ್ದರು.

ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದರು. ಕರ್ಕೇರ ಇನ್ನೂ ಒಳಗೇ ಇದ್ದರು, ಶಶಿಕಲಾಳ ಮಾತನ್ನು ಅವರಿಗೆ ಆಮೇಲೆ ತಿಳಿಸಬೇಕಿತ್ತು. ತುಂಬು ಬಸುರಿ ಹುಡುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ಯಾರನ್ನೋ ಹುಡುಕಿದಳು. ಕೊನೆಗೆ ಕಾಶಮ್ಮ ಇಳಿದಳು. ಇಳಕಲ್ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ಕೈಯಲ್ಲಿ ಒಂದು ನೀರಿನ ಬಾಟಲಿ, ಅದರ ತಳದಲ್ಲಿ ನಾಲ್ಕು ಬೆರಳು ಮರಳು. ಅವಳ ಕೂದಲು ಕಪ್ಪಗಿತ್ತು, ನಡಿಗೆ ಗಟ್ಟಿಯಾಗಿತ್ತು. ಇಷ್ಟು ಚಿಕ್ಕವಳಿದ್ದಳೇ ಅವ್ವ ಎಂದುಕೊಂಡಳು ಜಗದೇವಿ.

ಹೇಳಬೇಕೆಂದು ಮೂವತ್ತೊಂದು ವರ್ಷ ಬಾಯಿಪಾಠ ಮಾಡಿದ ಮಾತನ್ನು ಶುರುಮಾಡಲು ಜಗದೇವಿ ಒಂದು ಹೆಜ್ಜೆ ಮುಂದೆ ಬಂದಳು. ಕಾಶಮ್ಮನೇ ಮೊದಲು ಮಾತಾಡಿದಳು.

“ಯಾಕ್ರಿ ಯವ್ವಾ, ಇಂಥಾ ಬಿಸಲಾಗ ನಿಂತೀರಿ? ನೆಳ್ಳಿಗಿ ಕುಂದ್ರಿ. ನನ್ನ ಮಗಳು ಇಲ್ಲೇ ನೌಕರಿ ಮಾಡ್ತಾಳ್ರಿ, ಜಗದೇವಿ ಅಂತ. ಸ್ವಲ್ಪ ಕರೀತೀರೇನು? ಕಡಲಿನ ನೀರು ತಂದೀನಿ, ತೋರಸ್ಬೇಕು ಆಕಿಗಿ.”

“ಅವ್ವಾ, ನಾನೇ.”

ಕಾಶಮ್ಮ ಹಿಂದೆ ತಿರುಗಿ ನೋಡಿದಳು, ಈ ಮುದುಕಿ ಬೇರೆ ಯಾರನ್ನೋ ಕರೆಯುತ್ತಿದ್ದಾಳೆ ಎಂದುಕೊಂಡು. ಹಿಂದೆ ಯಾರೂ ಇರಲಿಲ್ಲ. ಡಾಕ್ಟರು ಓಡಿ ಬಂದರು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ದಿನದ ಪತ್ರಿಕೆ ತೋರಿಸಿದರು. ಕಾಶಮ್ಮ ಪತ್ರಿಕೆ ನೋಡಲಿಲ್ಲ, ಎದುರಿಗಿದ್ದ ಮುಖವನ್ನೇ ನೋಡಿದಳು. ಹಣೆ ನೋಡಿದಳು, ಕಿವಿ ನೋಡಿದಳು, ಪೊರೆ ಬಂದ ಕಣ್ಣು ನೋಡಿದಳು. ಏಣಿಯ ಕೊನೆಯ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು. ಬಾಟಲಿ ಅವಳ ತೊಡೆಯ ಮೇಲೆ ಇತ್ತು.

ಜಗದೇವಿ ಆಗ ಹೇಳಿದಳು. ಕರೆದದ್ದು, ಅವರು ಬಂದೆ ಎಂದದ್ದು, ತಾನು ದೀಪಕ್ಕೆ ಕಾಯದೆ ಒತ್ತಿದ್ದು, ಆ ಪದವನ್ನು ತಾನೇ ಆರಿಸಿದ್ದು. ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಊರುಗೋಲು ಹಿಡಿದು ಅವ್ವನ ಮುಂದೆ ಬಗ್ಗಿ ನಿಂತಳು. ಚಿಕ್ಕವಳಿದ್ದಾಗ ಹಾಲು ಚೆಲ್ಲಿ ನಿಂತಂತೆ ನಿಂತಳು.

ಕಾಶಮ್ಮ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದಳು. ಆಮೇಲೆ ಕೇಳಿದಳು.

“ಮತ್ತ ಇಷ್ಟು ವರ್ಷ ನಿಮಗ ಯಾರು ರೊಟ್ಟಿ ಮಾಡಿ ಹಾಕಿದ್ರು?”

ನಿಮಗೆ ಎಂದಳು. ಜಗದೇವಿ ಅದನ್ನು ಕೇಳಿಸಿಕೊಂಡಳು.

“ನಾನೇ ಮಾಡ್ಕೊಂಡೆ ಅವ್ವಾ. ನೀ ಬೈ ನನಗ. ಒಂದ್ಸಲ ಬೈ.”

ಕಾಶಮ್ಮ ಬಾಯಿ ತೆರೆದಳು. ಮಗಳು ಎಂದು ಅವಳ ಕರುಳಿಗೆ ಆಗಲೇ ತಿಳಿದಿತ್ತು, ಅದರಲ್ಲಿ ಸಂಶಯ ಉಳಿದಿರಲಿಲ್ಲ. ಆದರೆ ಕಣ್ಣಿಗೆ ಕಾಣುತ್ತಿದ್ದದ್ದು ತನಗಿಂತ ಹಿರಿಯಳಾದ ಹೆಂಗಸು. ತಲೆ ಬೆಳ್ಳಗಾದವರಿಗೆ ಅವಳು ಇಡೀ ಜೀವನದಲ್ಲಿ ಏಕವಚನ ಆಡಿದವಳಲ್ಲ. ಗಲ್ಲಿಯಲ್ಲಿ ಯಾರನ್ನು ಬೈದರೂ ಮುದುಕರ ಮುಂದೆ ಸೆರಗು ಎಳೆದುಕೊಂಡು ಸುಮ್ಮನಾಗುತ್ತಿದ್ದಳು. ತುಟಿ ಎರಡು ಬಾರಿ ಅಲುಗಿತು. ಬೈಗುಳ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

“ಹ್ಯಾಂಗ ಬೈಲ್ರಿ ನಿಮಗ? ಬಿಡ್ರಿ,” ಎಂದಳು.

ಮನೆಗೆ ಬಿಡುವ ಜೀಪು ಬಳೆಯ ಆಚೆ ನಿಂತಿತ್ತು. ಅಲ್ಲಿಗೆ ಹೋಗಲು ಒಂದು ಕಟ್ಟೆ ಇಳಿಯಬೇಕು. ಜಗದೇವಿಯ ಕಾಲು ತಡವರಿಸಿದ್ದು ನೋಡಿ ಕಾಶಮ್ಮ ಬಾಟಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳ ಮೊಣಕೈ ಹಿಡಿದಳು. ಹಿಡಿತ ಗಟ್ಟಿಯಾಗಿತ್ತು, ಬೆಚ್ಚಗಿತ್ತು, ಹಿಟ್ಟು ನಾದುವ ಕೈ.

“ಸಾವಕಾಶ ಇಳೀರಿ,” ಎಂದಳು, “ಇಲ್ಲಿ ಮೆಟ್ಟಲು ಅವ.”

ಜಗದೇವಿ ಇಳಿದಳು. ಮನೆ ಮುಟ್ಟುವವರೆಗೂ ಅವ್ವ ಅವಳ ಕೈ ಬಿಡಲಿಲ್ಲ, ಒಮ್ಮೆಯೂ ನೀನು ಎನ್ನಲಿಲ್ಲ.